ಹದಿನಾಲ್ಕನೇ ಶತಮಾನದ ಮುಖ

ಮಂಗಳವಾರ ಬೆಳಿಗ್ಗೆ ಏಳೂಕಾಲಿಗೆ ಲುಬೋರ್ ಹವೆಲ್ಕಾ ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತು ಹದಿನಾಲ್ಕನೇ ಶತಮಾನದ ಮುಖ ಮಾಡುತ್ತಿದ್ದ. ಹುಬ್ಬು ಗಂಟಿಕ್ಕಿ, ಕೆಳದವಡೆಯನ್ನು ಸ್ವಲ್ಪ ಮುಂದಕ್ಕೆ ತಂದು, ದೃಷ್ಟಿಯನ್ನು ಕನ್ನಡಿಯಾಚೆ ನೂರೈವತ್ತು ಮಾರು ಆಳದಲ್ಲಿ ನೆಟ್ಟರೆ ಅದು ಬರುತ್ತಿತ್ತು. ಬಾಯಲ್ಲಿ ಬ್ರಷ್ ಇದ್ದರೆ ಬರುತ್ತಿರಲಿಲ್ಲ. ಹಾಗಾಗಿ ಮೂರು ದಿನದಿಂದ ಹಲ್ಲುಜ್ಜುವುದಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು.

"ಮೊಟ್ಟೆ ತಣ್ಣಗಾಗ್ತಿದೆ," ಎಂದಳು ಅಡುಗೆಮನೆಯಿಂದ ಅವನ ಹೆಂಡತಿ ಬ್ಲಾಜೆನಾ.

"ಬಂದೆ," ಎಂದ. ಹಾಗೆನ್ನಲು ಬಾಯಿ ತೆರೆದದ್ದರಿಂದ ಶತಮಾನ ಜಾರಿಹೋಯಿತು. ಮತ್ತೆ ಹುಬ್ಬಿನಿಂದ ಶುರುಮಾಡಬೇಕಾಯಿತು.

ಇದಕ್ಕೆ ಕಾರಣ ಒಂದು ಕಾಗದ. ಮಧ್ಯಯುಗದ ಗಣಿಗಾರಿಕೆಯ ನೆನಪಿಗಾಗಿ ರಾಷ್ಟ್ರೀಯ ಬ್ಯಾಂಕು ಇನ್ನೂರು ಕೊರುನಾದ ಬೆಳ್ಳಿ ನಾಣ್ಯವೊಂದನ್ನು ಹೊರತರಲಿತ್ತು. ಅದರ ವಿನ್ಯಾಸ ಮಾಡುತ್ತಿದ್ದ ಯೋಲಾನಾ ಎಂಬ ಶಿಲ್ಪಿ ಪ್ರಾಗ್‌ನಿಂದ ರುದ್ಕೊವ್‌ನ ಗಣಿಗಾರರ ಸಂಘಕ್ಕೆ ಬರೆದು, ಹಳೆಯ ಗಣಿ ಉಡುಪನ್ನು ಕಣ್ಣಾರೆ ನೋಡಬೇಕು ಎಂದಿದ್ದಳು. ಸಂಘದ ಉಡುಪುಗಳ ಉಸ್ತುವಾರಿ ಲುಬೋರನದು. (ಅಂದರೆ ನಲವತ್ತೊಂದು ಬಿಳಿ ನಿಲುವಂಗಿಗಳೂ ಬ್ಲಾಜೆನಾಳ ಬೀರುವಿನಲ್ಲಿದ್ದವು. ಹೊಲಿದವಳು, ಒಗೆಯುವವಳು, ಇಸ್ತ್ರಿ ಮಾಡುವವಳು ಅವಳು. ಉಸ್ತುವಾರಿ ಅವನು.) ಕಾಗದದಲ್ಲಿ ಉಡುಪಿನ ಮಾತು ಬಿಟ್ಟರೆ ಬೇರೇನೂ ಇರಲಿಲ್ಲ. ಲುಬೋರ್ ಅದನ್ನು ಎರಡು ಸಲ ಓದಿ, ಉಡುಪು ತಾನಾಗಿ ನಿಲ್ಲುವುದಿಲ್ಲ, ಒಳಗೆ ಮನುಷ್ಯ ಬೇಕು, ಮನುಷ್ಯನೆಂದ ಮೇಲೆ ಮುಖ ಇದ್ದೇ ಇರುತ್ತದೆ ಎಂಬ ತೀರ್ಮಾನಕ್ಕೆ ಬಂದಿದ್ದ.

ರುದ್ಕೊವ್‌ನ ಬೆಳ್ಳಿ ಗಣಿ ಮುಚ್ಚಿ ನಾಲ್ಕುನೂರು ವರ್ಷವಾಗಿದೆ. ಸಂಘದ ನಲವತ್ತೊಂದು ಸದಸ್ಯರಲ್ಲಿ ಬಸ್ ಡ್ರೈವರುಗಳಿದ್ದರು, ಒಬ್ಬ ಪೋಸ್ಟ್‌ಮ್ಯಾನ್ ಇದ್ದ, ಹಿನೆಕ್ ಎಂಬ ದಂತವೈದ್ಯನಿದ್ದ. ನೆಲದಡಿ ದುಡಿದವನು ಒಬ್ಬನೂ ಇರಲಿಲ್ಲ. ಮೂವತ್ತಾರು ವರ್ಷ ಲಿಫ್ಟ್ ರಿಪೇರಿ ಮಾಡಿ ನಿವೃತ್ತನಾದ ಲುಬೋರ್, ಕತ್ತಲ ಬಾವಿಯಲ್ಲಿ ಹಗ್ಗಕ್ಕೆ ನೇತಾಡಿದ ಅನುಭವ ತನಗೊಬ್ಬನಿಗೇ ಇದೆ ಎಂದು ಆಗಾಗ ನೆನಪಿಸುತ್ತಿದ್ದ. ಆದರೂ ಜೂನ್ ತಿಂಗಳ ಮೆರವಣಿಗೆಯಲ್ಲಿ ಅವನ ಜಾಗ ಎಲ್ಲರಿಗಿಂತ ಕೊನೆಯದು. ಮೊದಲು ಕಪ್ಪು ವೆಲ್ವೆಟ್ ಟೋಪಿಗೆ ಗರಿ ಸಿಕ್ಕಿಸಿಕೊಂಡ ಗಣಿ ಯಜಮಾನ, ಅವನ ಹಿಂದೆ ಬಾವುಟ, ಆಮೇಲೆ ಬಿಳಿ ನಿಲುವಂಗಿಯ ಗಣಿಗಾರರು, ಅವರ ಹಿಂದೆ ಸರದಾರರ ವೇಷದವರನ್ನು ಹೊತ್ತ ಆರು ಕುದುರೆಗಳು. ಕುದುರೆಗಳ ಹಿಂದೆ, ದೀಪ ಹಿಡಿದ ಲುಬೋರ್. ಗಣಿಯೊಳಗೆ ಯಾರೂ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡು ಕಡೆಗೆ ಮೇಲೆ ಬರುವವನ ದೀಪ ಅದು, ಬಹಳ ಗೌರವದ ಜಾಗ ಎಂದು ಯಜಮಾನ ಓತಾಕರ್ ಹೇಳುತ್ತಿದ್ದರು. ಇರಬಹುದು. ಆದರೆ ಆರು ಕುದುರೆಗಳ ಹಿಂದೆ ನಡೆಯುವವನಿಗೆ ಜನರತ್ತ ನೋಡಿ ಕೈಬೀಸಲಾಗುವುದಿಲ್ಲ, ನೆಲ ನೋಡಿಕೊಂಡು ನಡೆಯಬೇಕು. ಇಪ್ಪತ್ತೆರಡು ವರ್ಷದಿಂದ ಲುಬೋರ್ ನೆಲ ನೋಡಿದ್ದ.

ಈಗ ಓತಾಕರರ ಮಂಡಿ ಕೈಕೊಟ್ಟಿತ್ತು. ಇನ್ನೊಂದೇ ಜೂನ್ ನಡೆಯುತ್ತೇನೆ, ಆಮೇಲೆ ಬೇರೆ ಯಜಮಾನನನ್ನು ಆರಿಸಿಕೊಳ್ಳಿ ಎಂದುಬಿಟ್ಟಿದ್ದರು. ಆಯ್ಕೆ ಆ ಜೂನ್ ಕಳೆದ ಮೇಲೆ ಬರುವ ಫೆಬ್ರುವರಿಯಲ್ಲಿ. ನಾಣ್ಯ ಬರುವುದೂ ಆಗಲೇ. ದೇಶದ ಬೆಳ್ಳಿಯ ಮೇಲೆ ಯಾರ ಮುಖವಿರುತ್ತದೋ ಅವನನ್ನು ಕುದುರೆಯ ಹಿಂದೆ ನಿಲ್ಲಿಸುವ ಧೈರ್ಯ ಯಾರಿಗಿರುತ್ತದೆ? ಈ ಲೆಕ್ಕಾಚಾರದಲ್ಲಿ ಲುಬೋರನಿಗೆ ಎಲ್ಲೂ ತಪ್ಪು ಕಾಣಲಿಲ್ಲ.

"ಎಡಗಡೆಯಿಂದ ಚೆನ್ನಾಗಿ ಕಾಣ್ತೀನೋ, ಬಲಗಡೆಯಿಂದಾನೋ?" ಎಂದು ಅವನು ತಣ್ಣಗಾದ ಮೊಟ್ಟೆಯ ಮುಂದೆ ಕುಳಿತು ಕೇಳಿದ.

"ಹೊರಗಡೆಯಿಂದ," ಎಂದಳು ಬ್ಲಾಜೆನಾ. "ಸೌದೆ ಒಡೆಯೋದಿದೆ."

"ನಾಣ್ಯದ ಮೇಲೆ ಮುಖ ಬರೋದು ರಾಜರಿಗೆ, ಗೊತ್ತಾ?"

"ಅದಕ್ಕೇ ಹೇಳ್ತಿರೋದು, ಗಡ್ಡದಲ್ಲಿ ಪೇಸ್ಟ್ ಇದೆ, ಒರೆಸ್ಕೋ ಅಂತ."

ಯೋಲಾನಾ ಗುರುವಾರ ಬಂದಳು. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಕೊರಳಲ್ಲಿ ಕ್ಯಾಮೆರಾ, ಜೇಬಿನಲ್ಲಿ ಅಂಗೈಯಗಲದ ಚಿತ್ರಪುಸ್ತಕ. ಬಾಗಿಲು ತೆರೆದ ಲುಬೋರ್ ಆಗಲೇ ನಿಲುವಂಗಿ ತೊಟ್ಟು, ಮುಸುಕು ಎಳೆದುಕೊಂಡು, ಕೈಯಲ್ಲಿ ಸುತ್ತಿಗೆ ಹಿಡಿದಿದ್ದ. ಅವಳು ಒಂದು ಹೆಜ್ಜೆ ಹಿಂದಕ್ಕೆ ಹೋದಳು. ಆಮೇಲೆ ನಕ್ಕು ಒಳಗೆ ಬಂದಳು.

ಅಡುಗೆಮನೆಯ ಕಿಟಕಿಯ ಬಳಿ ಅವನು ನಲವತ್ತು ನಿಮಿಷ ಹದಿನಾಲ್ಕನೇ ಶತಮಾನದಲ್ಲಿ ನಿಂತ. ಮುಂದಿನಿಂದ, ಎಡದಿಂದ, ಬಲದಿಂದ, ಸುತ್ತಿಗೆ ಎತ್ತಿ, ಸುತ್ತಿಗೆ ಇಳಿಸಿ. ಬ್ಲಾಜೆನಾ ಮೇಜಿನ ಮೇಲೆ ಮಸೂರ ಕಾಳು ಹರಡಿಕೊಂಡು ಕಲ್ಲು ಆರಿಸುತ್ತಿದ್ದಳು. ಮಧ್ಯಾಹ್ನದ ಸೂಪಿಗೆ ಆಗಬೇಕಿತ್ತು, ಶತಮಾನ ಯಾವುದಾದರೇನು.

"ಸ್ವಲ್ಪ ಆರಾಮಾಗಿ ನಿಂತ್ಕೊಳ್ಳಿ, ಹವೆಲ್ಕಾ ಅವರೇ," ಎಂದಳು ಯೋಲಾನಾ.

"ಗಣಿಯಲ್ಲಿ ಆರಾಮ ಎಲ್ಲಿತ್ತಮ್ಮ," ಎಂದ ಲುಬೋರ್, ದವಡೆಯನ್ನು ಇನ್ನೂ ಒಂದಿಷ್ಟು ಮುಂದಕ್ಕೆ ತಂದು.

ಅವಳು ಕ್ಯಾಮೆರಾ ಇಳಿಸಿದಳು. ಉಡುಪಿನ ಸುತ್ತ ಒಂದು ಸುತ್ತು ಬಂದು, ಸೊಂಟದ ಹಿಂದೆ ಕಟ್ಟಿದ್ದ ದಪ್ಪ ತೊಗಲನ್ನು ತೋರಿಸಿ ಇದೇನು ಎಂದು ಕೇಳಿದಳು. ಬೇರೆ ಕೆಲಸಗಾರರು ತೊಗಲನ್ನು ಮುಂದೆ ಕಟ್ಟಿಕೊಳ್ಳುತ್ತಾರೆ, ಗಣಿಗಾರ ಹಿಂದೆ ಕಟ್ಟುತ್ತಾನೆ; ಬಾವಿಯೊಳಗಿನ ಜಾರುಮರದ ಮೇಲೆ ಕುಳಿತು ಇಳಿಯುವಾಗ ಚಡ್ಡಿಯೂ ಚಡ್ಡಿಯ ಒಳಗಿನದೂ ಉಳಿಯಲೆಂದು. ಅದು ಗಣಿಗಾರನ ಮಾನ. ತಪ್ಪು ಮಾಡಿದವನಿಂದ ಮೊದಲು ಕಿತ್ತುಕೊಳ್ಳುತ್ತಿದ್ದದ್ದು ಅದನ್ನೇ. ಸಂಘಕ್ಕೆ ಹೊಸದಾಗಿ ಸೇರುವವನು ಇವತ್ತಿಗೂ ಇಬ್ಬರು ಹಿಡಿದ ತೊಗಲನ್ನು ಹಾರಿ ದಾಟಬೇಕು. ಇದನ್ನೆಲ್ಲ ಲುಬೋರ್ ಒಂದೇ ಉಸಿರಿಗೆ ಹೇಳಿದ. ಪಟ್ಟಿ ಎರಡಿರಬೇಕು, ಒಂದು ಸೊಂಟದ ಮೇಲೆ, ಒಂದು ತೊಡೆಯ ಕೆಳಗೆ. ಸಂಘದ ಮಿಕ್ಕ ನಲವತ್ತು ಜನ ಒಂದೇ ಪಟ್ಟಿ ಕಟ್ಟಿ ತೊಗಲನ್ನು ಪರದೆಯ ಹಾಗೆ ನೇತುಬಿಡುತ್ತಾರೆ. ಎಷ್ಟು ಸಲ ಹೇಳಿದರೂ ಒಬ್ಬರೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂದೂ ಸೇರಿಸಿದ.

"ಅದು ನಮ್ಮಮ್ಮನ ಕುರ್ಚಿ," ಎಂದಳು ಬ್ಲಾಜೆನಾ, ಕಾಳಿನಿಂದ ಕಣ್ಣೆತ್ತದೆ.

ಮಾತು ನಿಜ. ತೊಗಲು ಅವನ ಅತ್ತೆಯ ಆರಾಮ ಕುರ್ಚಿಯ ಬೆನ್ನಿನದು. ಅತ್ತೆ ತೀರಿಕೊಂಡ ಮೇಲೆ ಒಂದು ಭಾನುವಾರ, ಹೆಂಡತಿ ಚರ್ಚಿನಿಂದ ಬರುವಷ್ಟರಲ್ಲಿ, ಅವನು ಅದನ್ನು ಕತ್ತರಿಸಿದ್ದ. ಇಪ್ಪತ್ತೆರಡು ವರ್ಷದಲ್ಲಿ ಅವಳು ಅದನ್ನು ಒಮ್ಮೆಯೂ ತೊಗಲು ಎಂದು ಕರೆದಿರಲಿಲ್ಲ.

ಹೇಗೆ ಜಾರುತ್ತಿದ್ದರು ಎಂದು ಯೋಲಾನಾ ಕೇಳಿದಳು. ಕೇಳುವುದನ್ನೇ ಕಾಯುತ್ತಿದ್ದವನಂತೆ ಲುಬೋರ್ ನೆಲಮಾಳಿಗೆಯ ಮೆಟ್ಟಿಲ ಮೇಲೆ ಉದ್ದದ ಹಲಗೆಯೊಂದನ್ನು ಒರಗಿಸಿದ. ಅವಳು ಮೇಲೆ, ಬಾಗಿಲ ಬಳಿ, ಕ್ಯಾಮೆರಾ ಹಿಡಿದು ನಿಂತಳು. ಮೊದಲ ಸಲ ಅವನು ಮುಖವನ್ನು ಬಿಗಿಹಿಡಿದು, ಕತ್ತು ಹಿಂದಕ್ಕೆ ತಿರುಗಿಸಿಕೊಂಡೇ ಜಾರಿದ. ಎರಡನೇ ಸಲ ಅರ್ಧದಲ್ಲಿ ಮುಖ ಮರೆತುಹೋಯಿತು. ಮೂರನೇ ಸಲ ಕೆಳಗಿದ್ದ ಆಲೂಗಡ್ಡೆ ಚೀಲಕ್ಕೆ ಕಾಲು ತಾಗಿ ನಿಂತಾಗ ಗಟ್ಟಿಯಾಗಿ ನಕ್ಕುಬಿಟ್ಟ. ನಾಲ್ಕನೆಯದಕ್ಕೆ ಅವಳು ಕೇಳಿರಲಿಲ್ಲ. ಒಟ್ಟು ಏಳು ಸಲ ಜಾರಿದ.

"ಅರವತ್ತಾರು ವಯಸ್ಸು, ಮುದುಕಪ್ಪ," ಎಂಬ ದನಿ ಅಡುಗೆಮನೆಯಿಂದ ಬಂತು. "ಸೊಂಟ ಮುರ್ಕೊಂಡ್ರೆ ಅಲ್ಲೇ ಇರು, ಆಲೂಗಡ್ಡೆ ಕಾಯ್ತಾ."

ಸೂಪು ಕುಡಿಯಲು ಯೋಲಾನಾ ಮೇಜಿಗೆ ಬಂದು ಕುಳಿತಳು. ಎರಡು ಚಮಚ ಕುಡಿದು ಚಿತ್ರಪುಸ್ತಕ ತೆಗೆದಳು. ಮಾರನೆಯ ದಿನದ ಕಾಳನ್ನೂ ಆರಿಸಿಟ್ಟುಬಿಡೋಣವೆಂದು ಬ್ಲಾಜೆನಾ ಮತ್ತೊಂದು ಹಿಡಿ ಹರಡಿಕೊಂಡಿದ್ದಳು. ಆ ಕೈ ಹಾಗೇ ಸ್ವಲ್ಪ ಇಡುತ್ತೀರಾ ಎಂದು ಯೋಲಾನಾ ಕೇಳಿದ್ದು ಲುಬೋರನ ಕಿವಿಗೂ ಬಿತ್ತು. ಬೆಳ್ಳಿಯ ಕೆಲಸಕ್ಕೆ ಬಂದವಳು ಬೇಳೆಕಾಳಿನಲ್ಲಿ ಹೊತ್ತು ಕಳೆಯುತ್ತಿದ್ದಾಳಲ್ಲ ಎಂದು ಅವನಿಗೆ ಮರುಕವಾಯಿತು. ಸಹಾಯವಾಗಲೆಂದು ಇಬ್ಬರ ನಡುವೆ ಹೋಗಿ, ಪಕ್ಕಕ್ಕೆ ಮುಖ ಮಾಡಿ ನಿಂತ. ಯೋಲಾನಾ ಒಮ್ಮೆ ಎಡಕ್ಕೆ ಬಾಗಿದಳು, ಒಮ್ಮೆ ಬಲಕ್ಕೆ ಬಾಗಿದಳು. ಪಾಪ, ಬಸ್ಸಿನಲ್ಲಿ ಕುಳಿತು ಕತ್ತು ಹಿಡಿದಿರಬೇಕು ಎಂದುಕೊಂಡ.

ಮುಂದಿನ ಹದಿನೈದು ತಿಂಗಳಲ್ಲಿ ರುದ್ಕೊವ್‌ನಲ್ಲಿ ಈ ವಿಷಯ ತಿಳಿಯದವರು ಯಾರೂ ಉಳಿಯಲಿಲ್ಲ. ನಾಣ್ಯಕ್ಕೂ ತನಗೂ ವ್ಯತ್ಯಾಸ ಬರಬಾರದೆಂದು ಲುಬೋರ್ ಗಡ್ಡದ ಉದ್ದವನ್ನು ಅಳತೆಪಟ್ಟಿ ಹಿಡಿದು ಕಾಪಾಡಿದ. ಪಬ್ಬಿನಲ್ಲಿ ಬೆಳಕು ಎಡಗೆನ್ನೆಗೆ ಬೀಳುವ ಕುರ್ಚಿಯನ್ನೇ ಹಿಡಿದ. ನಿನ್ನ ಮುಖಕ್ಕೆ ಎಷ್ಟು ಚಿಲ್ಲರೆ ಬರುತ್ತದೆ ಎಂದು ಪೋಸ್ಟ್‌ಮ್ಯಾನ್ ಕೇಳಿದರೆ ಕ್ಷಮಿಸಿದ. ತಾನೂ ಯಜಮಾನಿಕೆಯ ಕನಸು ಕಾಣುತ್ತಿದ್ದ ದಂತವೈದ್ಯ ಹಿನೆಕ್, ಅಷ್ಟು ಹೊತ್ತು ದವಡೆ ಮುಂದಿಟ್ಟುಕೊಂಡರೆ ಕೀಲು ಸವೆಯುತ್ತದೆ ಎಂದು ಎಚ್ಚರಿಸಿದ. ಅದು ಹೊಟ್ಟೆಕಿಚ್ಚು ಎಂದು ಲುಬೋರ್ ಬಗೆದ.

ಜನವರಿಯಲ್ಲಿ ಅವನು ಹೆಂಡತಿಯ ಬಳಿ ವೆಲ್ವೆಟ್ ಬಟ್ಟೆ ತಂದಿಟ್ಟು, ಗರಿಯಿರುವ ಕಪ್ಪು ಟೋಪಿಯೊಂದನ್ನು ಹೊಲಿಯಲು ಹೇಳಿದ. ಯಾಕೆ ಎಂದು ಅವಳು ಕೇಳಲಿಲ್ಲ. ಟೇಪು ತಂದು ತಲೆಗೆ ಸುತ್ತಿದಳು.

"ಐವತ್ತೆಂಟು ಸೆಂಟಿಮೀಟರ್ ಇರ್ಬೇಕು," ಎಂದ. "ಮದುವೆ ಟೋಪಿ ಅಷ್ಟೇ ಇತ್ತು."

"ಅದು ಮದುವೆ ಹೊತ್ತಿಗೆ. ಈಚೆಗೆ ಬೆಳೆದಿದೆ," ಎಂದು ಅರವತ್ತು ಎಂದು ಬರೆದುಕೊಂಡಳು. ಟೋಪಿಯನ್ನು ಚೆನ್ನಾಗಿಯೇ ಹೊಲಿದಳು. ಹೊಲಿಗೆಯಲ್ಲಿ ಅವಳು ಯಾರ ಮೇಲೂ ಸೇಡು ತೀರಿಸಿಕೊಂಡವಳಲ್ಲ.

ಫೆಬ್ರುವರಿಯ ಎರಡನೇ ಭಾನುವಾರ ಮಧ್ಯಾಹ್ನ ಪಬ್ಬಿನ ಹಿಂದಿನ ಹಜಾರದಲ್ಲಿ ಸಂಘ ಸೇರಿತು. ನಾಣ್ಯದ ಪೆಟ್ಟಿಗೆ ಬಂದು ನಾಲ್ಕು ದಿನವಾಗಿತ್ತು. ಸಭೆಯಲ್ಲೇ ತೆರೆಯಬೇಕು ಎಂದು ಓತಾಕರ್ ಅದನ್ನು ತಮ್ಮ ಮನೆಯ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಲುಬೋರ್ ಮುಂದಿನ ಸಾಲಿನಲ್ಲಿ, ತೊಡೆಯ ಮೇಲೆ ಟೋಪಿ ಇಟ್ಟುಕೊಂಡು, ಸೊಂಟಕ್ಕೆ ತೊಗಲು ಕಟ್ಟಿಕೊಂಡು ಕುಳಿತಿದ್ದ. ಹೆಸರು ಕೂಗಿದಾಗ ನಗಬಾರದು, ತಲೆಯನ್ನು ಒಮ್ಮೆ ಮಾತ್ರ ಬಾಗಿಸಬೇಕು ಎಂದು ನಿರ್ಧರಿಸಿಕೊಂಡಿದ್ದ. ಬ್ಲಾಜೆನಾ ಹಿಂದೆ ಬಾಗಿಲ ಬಳಿ ಗಸಗಸೆ ಬನ್ನುಗಳ ಬುಟ್ಟಿ ಹಿಡಿದು ನಿಂತಿದ್ದಳು.

ಓತಾಕರ್ ಪೆಟ್ಟಿಗೆ ತೆರೆದರು. ಭೂತಗನ್ನಡಿ ಹಿಡಿದು ನೋಡಿದರು. ನಾಣ್ಯ ತಿರುಗಿಸಿ ನೋಡಿದರು. ಮತ್ತೆ ಮೊದಲ ಬದಿ ನೋಡಿದರು. ಆಮೇಲೆ ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟು, "ಲುಬೋರ್, ನೀನೇ ಒಂದ್ಸಲ ಬಂದು ನೋಡಪ್ಪ," ಎಂದರು.

ಅದು ಗಣಿಯ ಬಾವಿ. ಮೇಲಿನಿಂದ ಕೆಳಗೆ ನೋಡಿದಂತೆ ಯೋಲಾನಾ ಕೆತ್ತಿದ್ದಳು. ಜಾರುಮರದ ಮೇಲೆ ಒಬ್ಬ ಗಣಿಗಾರ ಕತ್ತಲೊಳಕ್ಕೆ ಇಳಿಯುತ್ತಿದ್ದ. ಮುಖ ಇರಬೇಕಾದ ಕಡೆ ಮುಸುಕಿತ್ತು. ಮುಸುಕಿನ ಕೆಳಗೆ ಬೆನ್ನಿತ್ತು. ಬೆನ್ನಿನ ಕೆಳಗೆ, ನಾಣ್ಯದ ನಟ್ಟನಡುವೆ, ಎಲ್ಲಕ್ಕಿಂತ ನುಣುಪಾಗಿ, ಎಲ್ಲಕ್ಕಿಂತ ಹೊಳೆಯುತ್ತ, ಎರಡು ಪಟ್ಟಿ ಬಿಗಿದ ತೊಗಲಿತ್ತು. ತೊಗಲಿನೊಳಗೆ ತುಂಬಿಕೊಂಡಿದ್ದದ್ದು ಲುಬೋರ್ ಹವೆಲ್ಕಾ ಎಂಬುದರಲ್ಲಿ ಯಾರಿಗೂ ಅನುಮಾನ ಬರುವಂತಿರಲಿಲ್ಲ.

ಇನ್ನೊಂದು ಬದಿಯಲ್ಲಿ ಮುಖವಿರಬಹುದೆಂದು ಅವನು ನಾಣ್ಯ ತಿರುಗಿಸಿದ. ಇತ್ತು. ದೇಶದ ಸಿಂಹದ ಗುರುತು ಮೂಲೆಯಲ್ಲಿ ಚಿಕ್ಕದಾಗಿತ್ತು. ಉಳಿದ ಜಾಗದಲ್ಲಿ ತಲೆಗೆ ವಸ್ತ್ರ ಕಟ್ಟಿದ ಹೆಂಗಸೊಬ್ಬಳು ಮೇಜಿನ ಮುಂದೆ ಕುಳಿತು ಅದಿರಿನ ಚೂರುಗಳನ್ನು ಆರಿಸುತ್ತಿದ್ದಳು. ಒಂದು ಹುಬ್ಬು ತುಸು ಮೇಲೆ. ಮೊಟ್ಟೆ ತಣ್ಣಗಾಗುತ್ತಿದೆ ಎಂದು ಇನ್ನೊಂದು ಸಲ ಹೇಳುವವಳಲ್ಲ ಎಂಬ ನೋಟ.

ನಾಣ್ಯ ಕೈಯಿಂದ ಕೈಗೆ ಹೋಯಿತು. ನಗು ಮೊದಲ ಸಾಲಿನಲ್ಲಿ ಹುಟ್ಟಿ ಕೊನೆಯ ಸಾಲಿಗೆ ಹೋಗಿ ಹಿಂದಿರುಗಿ ಬಂತು. ಬ್ಲಾಜೆನಾಳ ಕೈಗೆ ಬಂದಾಗ ಅವಳು ಕನ್ನಡಕ ಏರಿಸಿ, ತನ್ನ ಮುಖವಿದ್ದ ಬದಿಯನ್ನು ಬೇಗ ದಾಟಿ, ಇನ್ನೊಂದು ಬದಿಯನ್ನು ಬಹಳ ಹೊತ್ತು ನೋಡಿದಳು.

"ನಮ್ಮಮ್ಮನ ಕುರ್ಚಿ," ಎಂದಳು.

ನಗು ಇಳಿಯುವವರೆಗೆ ಓತಾಕರ್ ಕಾದರು. ಪೆಟ್ಟಿಗೆಯ ಜೊತೆ ಯೋಲಾನಾ ಬರೆದ ಚೀಟಿಯೊಂದಿತ್ತು. ಅದನ್ನು ಓದಿದರು. ಹವೆಲ್ಕಾ ಅವರ ಮುಖವನ್ನು ಹತ್ತಾರು ಸಲ ಚಿತ್ರಿಸಿ ನೋಡಿದೆ, ಪ್ರತಿಸಲವೂ ಅದು ಫೋಟೋಗೆ ನಿಂತ ಮುಖವೇ ಆಗಿತ್ತು ಎಂದು ಅವಳು ಬರೆದಿದ್ದಳು. ಜಾರುವಾಗ ಮಾತ್ರ ಅವರು ನನ್ನನ್ನು ಮರೆತರು. ನಾನು ನೋಡಿದ ಒಬ್ಬನೇ ನಿಜವಾದ ಗಣಿಗಾರ ಅವರು, ಆದರೆ ಆಗ ಅವರ ಬೆನ್ನು ನನ್ನ ಕಡೆಗಿತ್ತು ಎಂದು ಚೀಟಿ ಮುಗಿಯುತ್ತಿತ್ತು.

ಓತಾಕರ್ ಕುಂಟುತ್ತ ಗೋಡೆಯ ಬಳಿ ಹೋಗಿ ಅಲ್ಲಿ ತೂಗುಹಾಕಿದ್ದ ಹಳೆಯ ಗಣಿಚಿತ್ರದ ಧೂಳನ್ನು ತೋಳಿನಿಂದ ಒರೆಸಿದರು. ಚಿತ್ರದಲ್ಲಿ ಬೆರಳುದ್ದದ ಗಣಿಗಾರರಿದ್ದರು. ಭೂತಗನ್ನಡಿ ಇಟ್ಟು ಒಬ್ಬೊಬ್ಬರನ್ನೇ ಹಿಂದಿನಿಂದ ಪರೀಕ್ಷಿಸಿದರು.

"ಎರಡು ಪಟ್ಟಿ," ಎಂದರು. "ಎಲ್ಲರಿಗೂ ಎರಡು ಪಟ್ಟಿ. ನಾವು ನಲವತ್ತು ಜನ ಇಷ್ಟು ವರ್ಷ ತಪ್ಪು ಕಟ್ಕೊಂಡು ಊರೆಲ್ಲ ಸುತ್ತಿದ್ದೀವಿ. ಇವನು ಬಡ್ಕೊಂಡ. ಆದ್ರೆ ಕೊನೇಲಿ ನಡೆಯೋನ ಹಿಂಭಾಗ ನಾವ್ಯಾರು ನೋಡಿದ್ವಿ?"

ಕೆಲವರು ಮೆಲ್ಲಗೆ ತೊಗಲಿಲ್ಲದ ತಮ್ಮ ಸೊಂಟ ಮುಟ್ಟಿ ನೋಡಿಕೊಂಡರು. ಲುಬೋರನ ಎದೆಯಲ್ಲಿ ಸತ್ತಿದ್ದ ಆಸೆ ಎದ್ದು ಕುಳಿತಿತು. ಅವನು ವೆಲ್ವೆಟ್ ಟೋಪಿಯನ್ನು ಮೇಜಿನ ಮೇಲಿಟ್ಟ. ಆಯ್ಕೆಯ ಪದ್ಧತಿ ಸರಳ: ಆಸೆಯಿರುವವರು ಟೋಪಿ ಇಡುತ್ತಾರೆ, ಸದಸ್ಯರು ಒಬ್ಬೊಬ್ಬರಾಗಿ ಬಂದು ತಮಗೆ ಬೇಕಾದವರ ಟೋಪಿಗೆ ಅದಿರಿನ ಕಲ್ಲೊಂದನ್ನು ಹಾಕುತ್ತಾರೆ. ಹಿನೆಕ್ ತನ್ನ ಟೋಪಿ ತೆಗೆದವನು ಅದನ್ನು ಮತ್ತೆ ಚೀಲಕ್ಕೆ ಹಾಕಿಕೊಂಡ. ಲುಬೋರ್ ನೆಮ್ಮದಿಯ ಉಸಿರು ಬಿಟ್ಟ. ತುಸು ಬೇಗನೇ ಬಿಟ್ಟುಬಿಟ್ಟಿದ್ದ.

"ಹಿಂಭಾಗದ ವಿಷಯ ಆಯ್ತು," ಎಂದ ಹಿನೆಕ್. "ಮುಖ ಯಾರದ್ದು? ಮೆರವಣಿಗೆಗೆ ಮುಂದೆ ಬೇಕಾಗಿರೋದು ಮುಖ. ನಮ್ಮ ನಲವತ್ತೊಂದು ಜನಕ್ಕೂ ಬಟ್ಟೆ ಹೊಲಿದು ನಿಲ್ಲಿಸಿದವರು ಅಲ್ಲಿ ಬನ್ನು ಹಿಡ್ಕೊಂಡು ನಿಂತಿದ್ದಾರೆ."

ಎಲ್ಲರೂ ಹಿಂದಕ್ಕೆ ತಿರುಗಿದರು. ತನಗೆ ಇದೆಲ್ಲ ಬೇಡ, ತಾನು ಸದಸ್ಯಳೂ ಅಲ್ಲ ಎಂದು ಬ್ಲಾಜೆನಾ ಹೇಳಿದಳು. ತೊಗಲು ಹಾರಿದರೆ ಸದಸ್ಯಳೇ, ಹೆಂಗಸರು ಹಾರಬಾರದೆಂದು ಎಲ್ಲೂ ಬರೆದಿಲ್ಲ, ಬರೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ ಅಷ್ಟೆ ಎಂದರು ಓತಾಕರ್. ಅವಳು ಮತ್ತೆ ಬೇಡವೆಂದಳು. ಬುಟ್ಟಿಯನ್ನು ಪಕ್ಕದ ಮೇಜಿಗೆ ಇಟ್ಟಳು. ಒಂದು ಬನ್ನನ್ನು ಸರಿಯಾಗಿ ಜೋಡಿಸಿದಳು.

"ಎಷ್ಟು ಎತ್ತರ?" ಎಂದು ಕೇಳಿದಳು.

ತೊಗಲು ಹಾಜರಿದ್ದದ್ದು ಒಂದೇ, ಲುಬೋರನ ಸೊಂಟದಲ್ಲಿ. ಎರಡು ಪಟ್ಟಿ ಬಿಚ್ಚಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಒಂದು ತುದಿ ಓತಾಕರ್ ಹಿಡಿದರು, ಇನ್ನೊಂದು ಅವನು. ಪದ್ಧತಿಯ ಪ್ರಕಾರ ಎತ್ತರ ಮಂಡಿಯ ಮಟ್ಟ. ಆ ಎತ್ತರದಲ್ಲಿ ಹಿಡಿದರೆ ಎಲ್ಲ ಇಲ್ಲಿಗೇ ಮುಗಿಯುತ್ತದೆ, ಟೋಪಿ ತನ್ನದಾಗುತ್ತದೆ ಎಂಬುದು ಲುಬೋರನಿಗೆ ಗೊತ್ತಿತ್ತು. ಚಳಿಗಾಲದಲ್ಲಿ ಅವಳ ಎಡಗಾಲು ಮಡಚುವುದಿಲ್ಲ ಎಂಬುದು ಆ ಹಜಾರದಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ರಾತ್ರಿ ಅದಕ್ಕೆ ಮುಲಾಮು ತಿಕ್ಕುವವನು ಅವನೇ.

ಅವನು ತನ್ನ ತುದಿಯನ್ನು ಕಣಕಾಲಿಗೆ ಇಳಿಸಿದ. ಅವನ ಮುಖ ನೋಡಿ ಓತಾಕರರೂ ಇಳಿಸಿದರು.

"ಈ ಕುರ್ಚಿ ಮೇಲಿಂದ ಚಿಕ್ಕೋಳಿದ್ದಾಗ ಎಷ್ಟು ಸಲ ಹಾರಿದ್ದೀನಿ," ಎಂದಳು ಬ್ಲಾಜೆನಾ. "ಪ್ರತಿಸಲನೂ ಅಮ್ಮನ ಕೈಲಿ ಏಟು ತಿಂದಿದ್ದೀನಿ."

ಲಂಗವನ್ನು ಒಂದು ಗೇಣು ಎತ್ತಿ ಹಾರಿದಳು. ಎರಡೂ ಕಾಲು ನೆಲ ಬಿಟ್ಟಿದ್ದವೆಂದು ಮೂರು ಸಾಲಿನವರು ಸಾಕ್ಷಿ ಹೇಳಿದರು.

ಅವಳಿಗೆ ಟೋಪಿ ಇರಲಿಲ್ಲವಾದ್ದರಿಂದ ಬನ್ನುಗಳನ್ನು ಹಂಚಿ ಖಾಲಿ ಬುಟ್ಟಿಯನ್ನು ಮೇಜಿನ ಮೇಲಿಟ್ಟರು. ಕಲ್ಲು ಹಾಕುವುದು ಮುಗಿದಾಗ ಬುಟ್ಟಿಯಲ್ಲಿ ನಲವತ್ತೊಂದು ಕಲ್ಲುಗಳಿದ್ದವು. ಲುಬೋರನ ಟೋಪಿಯಲ್ಲಿ ಒಂದೂ ಇರಲಿಲ್ಲ, ಅವನದೇ ಕಲ್ಲು ಕೂಡ. ಖಾಲಿ ಇದ್ದದ್ದರಿಂದ ಅದನ್ನು ಹಾಗೇ ಎತ್ತಿ ಅವಳ ತಲೆಗಿಡುವುದು ಸುಲಭವಾಯಿತು. ಅದು ಕಣ್ಣಿನವರೆಗೆ ಇಳಿಯಿತು.

"ಅರವತ್ತು," ಎಂಬ ದನಿ ಟೋಪಿಯೊಳಗಿಂದ ಬಂತು. "ನಾನು ಹೇಳಿರ್ಲಿಲ್ವಾ?"

ಯಜಮಾನತಿಯ ಮೊದಲ ಆಜ್ಞೆ ಅಲ್ಲೇ ಆಯಿತು. ಎರಡು ಪಟ್ಟಿ ಕಟ್ಟಲು ಬರುವವನು ಕಡೆಯಲ್ಲಿ ನಡೆದರೆ ಪ್ರಯೋಜನವಿಲ್ಲ, ಮಿಕ್ಕವರು ನೋಡಿ ಕಲಿಯುವ ಹಾಗೆ ಅವರ ಮುಂದೆಯೇ ನಡೆಯಬೇಕು ಎಂದು ಅವಳು ಹೇಳಿದಳು. ಆಕ್ಷೇಪಣೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಏಳೂಕಾಲಿಗೆ ಬಚ್ಚಲುಮನೆಯ ಬಾಗಿಲು ಮುಚ್ಚಿತ್ತು. ಲುಬೋರ್ ಗಡ್ಡ ಕತ್ತರಿಸಿಕೊಳ್ಳಲು ಕಾಯುತ್ತಿದ್ದ. ಒಳಗಿನಿಂದ ಹಳೆಯ ಪತ್ರಿಕೆಯ ಹಾಳೆ ಮಡಚಿ ಟೋಪಿಗೆ ತುರುಕುವ ಸದ್ದು, ಆಮೇಲೆ ಬಹಳ ಹೊತ್ತು ಏನೂ ಸದ್ದಿಲ್ಲ.

"ಮೊಟ್ಟೆ ತಣ್ಣಗಾಗ್ತಿದೆ," ಎಂದು ಅವನು ಕೂಗಿದ.

ಮೆರವಣಿಗೆ ಜೂನ್ ಮೂರನೇ ಶನಿವಾರ, ಬೆಳಿಗ್ಗೆ ಹತ್ತಕ್ಕೆ, ಹಳೆಯ ಗಣಿಬಾಗಿಲಿನಿಂದ ಹೊರಡುತ್ತದೆ. ಮುಂದೆ ಯಜಮಾನತಿ ಬ್ಲಾಜೆನಾ, ಅವಳ ಬೆನ್ನಿಗೆ ಲುಬೋರ್, ಆಮೇಲೆ ಬಾವುಟ, ಗಣಿಗಾರರು, ಆರು ಕುದುರೆಗಳು. ಕುದುರೆಗಳ ಹಿಂದೆ ದೀಪ ಹಿಡಿದು ದಂತವೈದ್ಯ ಹಿನೆಕ್.